ಬಿಡ್ತು ಎನ್ನುವುದು

ನಮ್ಮ ಮನೆಗಳಲ್ಲಿ ಮಕ್ಕಳ ಬಾಯಿಂದ ಅಮಂಗಳದ ಮಾತೊಂದು ಹೊರಬಿದ್ದೊಡನೆ, ಒಳಗೆ ಬತ್ತಿ ಹೊಸೆಯುತ್ತಲೋ ಅಕ್ಕಿ ಆರಿಸುತ್ತಲೋ ಕುಳಿತ ಅಜ್ಜಿ ತಲೆಯೆತ್ತಿ ‘ಬಿಡ್ತು ಅನ್ನು’ ಎಂದು ಗದರುವುದು ಇಂದಿಗೂ ತಪ್ಪಿಲ್ಲ. ಪ್ರಯಾಣಕ್ಕೆ ಹೊರಟು ನಿಂತವನ ಎದುರಿಗೆ ಅಪಘಾತದ ಮಾತು, ತೆಂಗಿನಮರ ಏರುವವನ ಎದುರಿಗೆ ಬೀಳುವ ಮಾತು, ಇವು ಆಡತಕ್ಕವಲ್ಲ. ಆಡಿಬಿಟ್ಟರೆ, ಆಡಿದವನೇ ‘ಬಿಡ್ತು’ ಎಂದು ನುಡಿದು ಆ ಮಾತಿನ ಪಾಶದಿಂದ ಎದುರಿನವನನ್ನು ಬಿಡಿಸತಕ್ಕದ್ದು. ಮಾತಿಗೆ ಶಕ್ತಿಯುಂಟೆಂದು ನಂಬಿದ ಜನದಲ್ಲಿ ಈ ಆಚಾರ ಹುಟ್ಟಿದ್ದು ಸಹಜವೇ. ಅದರ ಹಿಂದಿರುವ ವಾತ್ಸಲ್ಯವನ್ನು ಹಾಸ್ಯಮಾಡುವಷ್ಟು ಅರಸಿಕನು ನಾನಲ್ಲ. ಆದರೆ ಆ ಗದರಿಕೆಯೊಳಗೆ ಹಳೆಯದೊಂದು ಪ್ರಶ್ನೆ ಅಡಗಿದೆ. ಬರಬಹುದಾದ ಕೇಡನ್ನು ಮುಂದಾಗಿ ನೆನೆದು ಅದಕ್ಕೆ ತಕ್ಕ ಏರ್ಪಾಡನ್ನು ಮಾಡಿಕೊಳ್ಳುವುದು ದೈವದಲ್ಲಿ ಅವಿಶ್ವಾಸವೆ? ಅಥವಾ ಹಾಗೆ ಮಾಡಿಕೊಳ್ಳದಿರುವುದೇ ದೈವವು ಕೊಟ್ಟ ಬುದ್ಧಿಗೆ ಎಸಗುವ ಅಪಚಾರವೆ?

ಈ ಪ್ರಶ್ನೆಯನ್ನು ಯುದ್ಧದ ಪ್ರಸಂಗದಲ್ಲೋ ವ್ಯಾಧಿಯ ಪ್ರಸಂಗದಲ್ಲೋ ಎತ್ತುವುದು ಶಾಸ್ತ್ರಜ್ಞರ ಪದ್ಧತಿ. ನಾನು ಅದನ್ನು ಎತ್ತುವುದು ಒಂದು ನೀರಾಟದ ಪ್ರಸಂಗದಲ್ಲಿ. ವೇಗದ ದೋಣಿಯೊಂದರ ಹಿಂದೆ ಹಗ್ಗ ಹಿಡಿದು, ಎರಡು ಪಾದಗಳನ್ನೂ ಒಂದರ ಹಿಂದೊಂದಾಗಿ ಒಂದೇ ಸ್ಕೀಯ ಮೇಲೆ ತೊಡಿಸಿಕೊಂಡು, ಎಡಬಲಕ್ಕೆ ಓಲಾಡುತ್ತ ನೀರಿನ ಮೇಲೆ ಸಾಗುವ ಸ್ಲಾಲಮ್ ಎಂಬ ಆಟದಲ್ಲಿ, ಬಿದ್ದವನ ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳುವ ಬಗೆ ಹೇಗೆಂಬುದು ಮೇಲುನೋಟಕ್ಕೆ ವೇದಾಂತದ ವಿಷಯವಲ್ಲ. ಆದರೆ ಬೀಳುವುದು ಎಲ್ಲಿ ನಿಶ್ಚಿತವೋ ಅಲ್ಲಿಯೇ ಈ ಪ್ರಶ್ನೆ ತನ್ನ ತಿರುಳನ್ನು ಬಿಚ್ಚುವುದೆಂದು ನನಗೆ ತೋರುತ್ತದೆ.

ಅಮೆರಿಕದ ಮಿನಿಸೋಟ ರಾಜ್ಯದಲ್ಲಿ ಮಿಸಿಸಿಪಿ ನದಿಯು ಅಗಲವಾಗಿ ಹರಡಿಕೊಂಡು ಪೆಪಿನ್ ಸರೋವರವೆನಿಸಿಕೊಳ್ಳುವ ಎಡೆಯಲ್ಲಿ ಲೇಕ್ ಸಿಟಿ ಎಂಬ ಊರಿದೆ. 1922ನೆಯ ಇಸವಿಯ ಬೇಸಗೆಯಲ್ಲಿ ಆ ಊರಿನ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿನೆಂಟು ವಯಸ್ಸಿನ ಹುಡುಗನು, ಹಿಮದ ಮೇಲೆ ಜಾರುವಂತೆ ನೀರಿನ ಮೇಲೆಯೂ ಏಕೆ ಜಾರಲಾಗದೆಂದು ಹಟ ಹಿಡಿದು, ಪೀಪಾಯಿಯ ಹಲಗೆಗಳನ್ನು ಕಾಲಿಗೆ ಕಟ್ಟಿ ನೋಡಿ ಮುಳುಗಿದನು. ಹಿಮದ ಸ್ಕೀಗಳನ್ನೇ ಕಟ್ಟಿ ನೋಡಿ ಮತ್ತೆ ಮುಳುಗಿದನು. ಕಡೆಗೆ ಎಂಟಡಿ ಉದ್ದದ ಹಲಗೆಗಳ ತುದಿಯನ್ನು ಕುದಿನೀರಿನಲ್ಲಿ ಮೆದುಮಾಡಿ ಮೇಲಕ್ಕೆ ಬಾಗಿಸಿ, ಸೋದರನು ನಡೆಸುತ್ತಿದ್ದ ದೋಣಿಗೆ ಹಗ್ಗ ಬಿಗಿದು, ಹಗ್ಗದ ತುದಿಯ ಕಬ್ಬಿಣದ ಬಳೆಯನ್ನೇ ಹಿಡಿಕೆಯಾಗಿ ಹಿಡಿದು, ಜುಲೈ 2ರಂದು ನೀರಿನ ಮೇಲೆ ನೆಟ್ಟಗೆ ನಿಂತನು. ಮೈಯನ್ನು ಹಿಂದಕ್ಕೆ ವಾಲಿಸಿ ಹಲಗೆಯ ತುದಿಯನ್ನು ನೀರಿನಿಂದ ಮೇಲೆತ್ತಿರಬೇಕೆಂಬುದೇ ಅವನು ಕಂಡುಕೊಂಡ ಗುಟ್ಟು. ಅದಕ್ಕೆ ಮುಂಚಿನ ದಿನಗಳೆಲ್ಲ ಬೀಳುವುದರಲ್ಲೇ ಕಳೆದವು. ಈ ಆಟವನ್ನು ಹೆತ್ತ ತಾಯಿ ಬೀಳುವಿಕೆಯೇ ಎಂದರೆ ತಪ್ಪಾಗದು.

ಸ್ಲಾಲಮ್ ಎಂಬ ಹೆಸರು ನಾರ್ವೆಯ ಗುಡ್ಡಗಾಡಿನದು. ಇಳಿಜಾರಿನಲ್ಲಿ ಸ್ಕೀ ಉಳಿಸಿದ ಜಾಡೆಂದು ಅದರ ಅರ್ಥ. ನೀರಿನ ಮೇಲೆ ಅದಕ್ಕೊಂದು ಕಟ್ಟುನಿಟ್ಟಾದ ಅಂಕಣವನ್ನು ಏರ್ಪಡಿಸಿದ್ದಾರೆ. ಉದ್ದ 259 ಮೀಟರ್. ದೋಣಿ ನಡುಗೆರೆಯಲ್ಲಿ ಎತ್ತ ಕಡೆಗೂ ಹೊರಳದೆ ನೇರವಾಗಿ ಹೋಗುವುದು. ಆ ಗೆರೆಯಿಂದ 11.5 ಮೀಟರ್ ದೂರದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ತೇಲುವ ಆರು ಚೆಂಡುಗಳು ನೀರಿನಲ್ಲಿ ಕಟ್ಟಲ್ಪಟ್ಟಿರುವುವು. ಆಟಗಾರನು ಒಂದೊಂದನ್ನೂ ಹೊರಗಿನಿಂದ ಬಳಸಿ, ದೋಣಿ ಎಬ್ಬಿಸಿದ ಅಲೆಗಳನ್ನು ಅಡ್ಡಲಾಗಿ ದಾಟಿ, ಮತ್ತೊಂದು ಕಡೆಯ ಚೆಂಡಿಗೆ ಹಾಯಬೇಕು. ಆರನ್ನೂ ಬಳಸಿ ಹೊರಬಂದವನಿಗೆ ದೊರೆಯುವ ಬಹುಮಾನ ಮಾತ್ರ ವಿಚಿತ್ರವಾದುದು: ದೋಣಿಯ ವೇಗವನ್ನು ಹೆಚ್ಚಿಸುವರು. ಪ್ರೌಢರಾದ ಗಂಡಸರಿಗೆ ಗಂಟೆಗೆ 58 ಕಿಲೋಮೀಟರ್, ಹೆಂಗಸರಿಗೆ 55 ಎಂಬ ಮೇರೆ ಮುಟ್ಟಿದ ಮೇಲೆ ವೇಗವನ್ನು ಅಲ್ಲಿಗೇ ನಿಲ್ಲಿಸಿ ಹಗ್ಗವನ್ನು ಗಿಡ್ಡಮಾಡತೊಡಗುವರು. 18.25 ಮೀಟರಿನ ಹಗ್ಗ 16ಕ್ಕೆ ಇಳಿಯುವುದು, ಆಮೇಲೆ 14.25ಕ್ಕೆ, 13ಕ್ಕೆ, 12ಕ್ಕೆ, 11.25 ಮುಟ್ಟಿದಾಗ ಹಗ್ಗವು ಚೆಂಡಿನ ದೂರಕ್ಕಿಂತ ಗಿಡ್ಡವಾಗಿಹೋಗಿರುತ್ತದೆ, ಆದರೂ ಆಟ ನಿಲ್ಲುವುದಿಲ್ಲ. ಅಲ್ಲಿಂದಾಚೆಗೆ ಕೊರತೆಯನ್ನು ತುಂಬತಕ್ಕದ್ದು ಮನುಷ್ಯನ ಮೈ, ಅವನ ಚಾಚಿದ ತೋಳು. ಆಟಗಾರನು ಒಂದು ಚೆಂಡನ್ನು ತಪ್ಪುವವರೆಗೆ ಅಥವಾ ನೀರಿಗೆ ಬೀಳುವವರೆಗೆ ಈ ಕ್ರಮ ಸಾಗುತ್ತದೆ. ಎಂದಮೇಲೆ ಲೋಕದಲ್ಲಿ ಎಂಥ ಪ್ರವೀಣನೇ ಆಗಲಿ, ಅವನ ಸರದಿ ಮುಗಿಯುವುದು ಸೋಲಿನಲ್ಲಿಯೇ. ಅವನಿಗೂ ಹೊಸಬನಿಗೂ ಇರುವ ಅಂತರವೆಲ್ಲ ಆ ಸೋಲು ಎಷ್ಟು ದೂರ ಹೋದ ಮೇಲೆ ಬಂದಿತೆಂಬುದಷ್ಟೆ. ಬಾಳಿನ ವಿಷಯದಲ್ಲಿ ನಾವು ಮರೆಮಾಚುವ ಸತ್ಯವನ್ನು ಈ ಆಟ ತನ್ನ ನಿಯಮಾವಳಿಯಲ್ಲಿಯೇ ಬರೆದಿಟ್ಟುಕೊಂಡಿದೆ. ಇಂಥ ಕಡೆ ಬೀಳುವ ಮಾತನ್ನು ಆಡಬಾರದೆಂಬವರು ಆಟದ ಮಾತನ್ನೇ ಆಡಬಾರದು.

ನೀರಿಗೆ ತಾನೆ ಬೀಳುವುದು, ನೆಲಕ್ಕಲ್ಲವಲ್ಲ ಎಂದು ಸಮಾಧಾನಪಡುವವರುಂಟು. ಎಳೆಯಂದಿನಲ್ಲಿ ಈಜು ಕಲಿಯುವಾಗ ಬಾವಿಯ ಕಟ್ಟೆಯಿಂದ ಧುಮುಕಿ ಹೊಟ್ಟೆಯಡಿಯಾಗಿ ಬಿದ್ದವರು ಹಾಗೆನ್ನಲಾರರು. ಎದೆಯೂ ಹೊಟ್ಟೆಯೂ ಕೆಂಪಾಗಿ ಉರಿದ ಆ ನೆನಪು ಸಾಯುವವರೆಗೂ ಹೋಗತಕ್ಕದ್ದಲ್ಲ. ನೀರು ಮೆತ್ತಗಿರುವುದು ಅದಕ್ಕೆ ಸರಿದು ದಾರಿ ಕೊಡುವಷ್ಟು ಅವಕಾಶವಿದ್ದಾಗ ಮಾತ್ರ. ಗಂಟೆಗೆ 58 ಕಿಲೋಮೀಟರ್ ವೇಗವೆಂದರೆ ಸುಮಾರು 13 ಮೀಟರ್ ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಮನೆಯ ಮಾಳಿಗೆಯಿಂದ, ಬಿದ್ದವನು ನೆಲ ಮುಟ್ಟುವ ಹೊತ್ತಿಗೆ ಪಡೆದಿರುವ ವೇಗ. ಅಲೆಗಳನ್ನು ಅಡ್ಡಹಾಯುವ ಕ್ಷಣದಲ್ಲಿ ಆಟಗಾರನು ದೋಣಿಗಿಂತಲೂ ವೇಗವಾಗಿ ಚಲಿಸುತ್ತಿರುತ್ತಾನೆ. ಓರೆಯಾಗಿ ಬಿದ್ದರೆ ನೀರಿನ ಮೇಲೆ ಜಾರಿ ಉರುಳಿ ವೇಗ ತೀರಿಹೋಗುವುದು. ಆದರೆ ಸ್ಕೀಯ ಮೂತಿ ನೀರಿಗೆ ಕಚ್ಚಿಕೊಂಡು, ಕಾಲು ನಿಂತು, ಮೈ ಮುಂದಕ್ಕೆ ಎಸೆಯಲ್ಪಟ್ಟಾಗ ಆ ವೇಗದ ಲೆಕ್ಕವನ್ನೆಲ್ಲ ತಲೆಯೊಂದೇ ತೀರಿಸಬೇಕಾಗಿ ಬರುವುದು. ಬಿದ್ದ ಮೈಯ ಸುತ್ತ ಹೊರಳುವ ಸ್ಕೀಯಾಗಲಿ, ಬಿಗಿದಿದ್ದು ತಟ್ಟನೆ ಚಿಮ್ಮಿದ ಹಿಡಿಕೆಯಾಗಲಿ ಮುಖಕ್ಕೆ ಬಡಿಯಬಹುದು. ಕೆನ್ನೆಯಡಿಯಾಗಿ ಬಿದ್ದವನ ಕಿವಿಯ ತಮಟೆ ಹರಿಯಬಹುದು. ಕಪಾಲ ಒಡೆಯದಿದ್ದರೂ ಒಳಗಿನ ಮಿದುಳು ಕುಲುಕಿಹೋಗುವುದು ಇವೆಲ್ಲಕ್ಕಿಂತ ಗೂಢವಾದ ಕೇಡು.

ಮಿದುಳಿನ ವಿಚಾರದಲ್ಲಿ ಒಂದು ಸಂಗತಿಯನ್ನು ಓದಿದಂದಿನಿಂದ ನನ್ನ ಮನಸ್ಸು ಅದನ್ನು ಬಿಟ್ಟಿಲ್ಲ. ಸುಮಾರು 1400 ಗ್ರಾಂ ತೂಗುವ ಈ ಅವಯವ ಕಪಾಲದೊಳಗೆ ತಿಳಿಯಾದ ದ್ರವವೊಂದರಲ್ಲಿ ತೇಲುತ್ತಿದೆ; ಆ ತೇಲುವಿಕೆಯಿಂದ ಅದರ ಭಾರ ಸುಮಾರು 50 ಗ್ರಾಮಿನಷ್ಟಾಗಿ ಇಳಿದಿದೆ. ಹಾಗಿಲ್ಲದಿದ್ದರೆ ಅದು ತನ್ನ ಭಾರದಿಂದಲೇ ತನ್ನ ಬುಡವನ್ನು ಜಜ್ಜಿಕೊಳ್ಳುತ್ತಿತ್ತು. ಎಂದರೆ ಸರೋವರದ ಮೇಲೆ ತೇಲುವ ಆಟಗಾರನ ತಲೆಯೊಳಗೂ ಒಂದು ಪುಟ್ಟ ಕೊಳವಿದೆ, ಅದರೊಳಗೆ ಅವನ ಸ್ಮೃತಿ ಬುದ್ಧಿ ವಾಕ್ಕುಗಳೆಲ್ಲ ತೇಲುತ್ತಿವೆ. ಹೊರಗಿನ ನೀರು ಅವನನ್ನು ತಟ್ಟನೆ ನಿಲ್ಲಿಸಿದಾಗ ಒಳಗಿನದು ನಿಲ್ಲುವುದಿಲ್ಲ. ಮುಂದಕ್ಕೆ ಹೋಗಿ ಗೋಡೆಗೆ ತಾಗುವುದು, ತಿರುಚಿಕೊಳ್ಳುವುದು. ಪಿಂಡದಲ್ಲಿರುವುದೇ ಬ್ರಹ್ಮಾಂಡದಲ್ಲಿ ಎಂಬ ಮಾತನ್ನು ನಾವು ಲಘುವಾಗಿ ಆಡಿಕೊಂಡು ಬಂದಿದ್ದೇವೆ. ಇಲ್ಲಿ ಅದರ ಅರ್ಥ ತುಸು ಭಯಂಕರವೇ ಆಗಿದೆ.

ಹಾಗಾದರೆ ತಲೆಗೊಂದು ಹೆಲ್ಮೆಟ್ ಕಟ್ಟಿದರೆ ಮುಗಿಯಿತಲ್ಲ ಎನ್ನಬಹುದು. ಓರೆಹಲಗೆಯ ಮೇಲಿಂದ ಜಿಗಿಯುವ ಪಂದ್ಯದಲ್ಲಿ ಅದು ರೂಢಿಯಾಗಿದೆ. ಸ್ಲಾಲಮಿನಲ್ಲಿ ಬಹುಮಂದಿ ಬರಿದಲೆಯಲ್ಲಿಯೇ ಹೋಗುವರು. ಇದು ಕೇವಲ ಒಣಜಂಬವಲ್ಲ. ಅಂಚು ಚಾಚಿಕೊಂಡ ಸಡಿಲವಾದ ಹೆಲ್ಮೆಟ್ ನೀರಿಗೆ ಬಿದ್ದಾಗ ಬೋಗುಣಿಯಂತೆ ನೀರನ್ನು ಮೊಗೆದು ಕತ್ತನ್ನೇ ಜಗ್ಗಬಲ್ಲುದು. ಸ್ಕೀಯ ಪೆಟ್ಟಿನಿಂದ ಕಪಾಲವನ್ನು ಕಾಯುವಷ್ಟು ಸಮರ್ಥವಾಗಿ ಅದು ಒಳಗಿನ ಕುಲುಕನ್ನು ತಡೆಯಲಾರದು. ನೀರಿನ ಆಟಕ್ಕೆಂದೇ ಮಾಡಿದ, ತಲೆಗೆ ಅಂಟಿದಂತೆ ಕೂರುವ, ಕಿವಿಯನ್ನೂ ಮುಚ್ಚುವ ತೆಳುವಾದ ಬಗೆಯದನ್ನು ತೊಡುವುದು ಮೇಲೆಂದು ನನ್ನ ಮತ. ಕಲಿಯುವ ಮಕ್ಕಳ ವಿಷಯದಲ್ಲಂತೂ ಎರಡನೆಯ ಮಾತಿಲ್ಲ. ಆದರೂ ಕವಚವೊಂದರಿಂದಲೇ ಕಾರ್ಯ ಸಿದ್ಧಿಸದು. ಕವಚ ತೊಟ್ಟವನು ಅದನ್ನು ನಂಬಿ ಇನ್ನಷ್ಟು ಸಾಹಸಕ್ಕೆ ಕೈಹಾಕುವುದೂ ಮನುಷ್ಯಸ್ವಭಾವವೇ.

ನಮ್ಮ ಸ್ತೋತ್ರಗಳಲ್ಲಿ ಕವಚವೆಂಬ ಒಂದು ವರ್ಗವಿದೆ. ರಾಮರಕ್ಷೆಯನ್ನು ಪಠಿಸುವವನು ಶಿರಸ್ಸಿನಿಂದ ಮೊದಲುಮಾಡಿ ಲಲಾಟ, ಕಣ್ಣು, ಕಿವಿ ಎಂದು ಕ್ರಮವಾಗಿ ಪಾದದವರೆಗೆ ಒಂದೊಂದು ಅಂಗವನ್ನೂ ಹೆಸರಿಸಿ ಭಗವಂತನ ರಕ್ಷೆಗೆ ಒಪ್ಪಿಸುವನು. ಭಕ್ತನಿಗೆ ಅದು ಪ್ರಾರ್ಥನೆ. ನನಗೆ ಅದರಲ್ಲಿ ಇನ್ನೊಂದು ಗುಣವೂ ಕಾಣುತ್ತದೆ: ಇರುವುದನ್ನೇ ಮರೆತಿದ್ದ ಅಂಗಗಳನ್ನು ದಿನಕ್ಕೊಮ್ಮೆ ನೆನಪಿಗೆ ತಂದುಕೊಳ್ಳುವ ಅವಧಾನ. ದಡದಲ್ಲಿ ನಿಂತ ಆಟಗಾರನೂ ಇಂಥ ಅಂಗನ್ಯಾಸವೊಂದನ್ನು ಮಾಡಬೇಕಾಗಿದೆ. ತೇಲುವ ಜಾಕೆಟಿನ ಪಟ್ಟಿ ಬಿಗಿದಿದೆಯೆ, ಪಾದಗಳ ಕಟ್ಟು ಬಿದ್ದಾಗ ಎರಡನ್ನೂ ಬಿಡುವುದೋ, ಒಂದನ್ನು ಬಿಟ್ಟು ಮತ್ತೊಂದನ್ನು ಹಿಡಿದು ಕಣಕಾಲನ್ನು ಮುರಿಯುವುದೋ, ಹಗ್ಗದಲ್ಲಿ ಸವೆತವಿದೆಯೆ, ನೀರಿನ ಆಳವೆಷ್ಟು, ರಾತ್ರಿ ತೇಲಿಬಂದ ಕೊರಡೇನಾದರೂ ದಾರಿಯಲ್ಲಿದೆಯೆ, ಮೈ ದಣಿದಿದೆಯೆ. ಈ ಕಡೆಯ ಪ್ರಶ್ನೆಗೆ ಸತ್ಯವಾದ ಉತ್ತರ ಕೊಡುವವರು ವಿರಳ, ಕೆಟ್ಟ ಬೀಳುವಿಕೆ ಕಾದಿರುವುದು ‘ಇನ್ನೊಂದೇ ಒಂದು ಸಲ’ ಎಂಬ ಮಾತಿನ ಹಿಂದೆ.

ಪಂಚತಂತ್ರದಲ್ಲಿಯೂ ಭಾರತದ ಶಾಂತಿಪರ್ವದಲ್ಲಿಯೂ ಮೂರು ಮೀನುಗಳ ಕಥೆ ಬರುತ್ತದೆ. ಪಂಚತಂತ್ರದ ಪಾಠದಲ್ಲಿ, ನಾಳೆ ಬಲೆ ಬೀಸುತ್ತೇವೆಂದು ಬೆಸ್ತರು ಆಡಿಕೊಂಡುದನ್ನು ಕೇಳಿ ಅನಾಗತವಿಧಾತನೆಂಬ ಮೀನು ಅಂದೇ ಮಡುವನ್ನು ಬಿಟ್ಟುಹೋಗುವುದು. ಪ್ರತ್ಯುತ್ಪನ್ನಮತಿಯು ಬಲೆಗೆ ಬಿದ್ದ ಮೇಲೆ ಸತ್ತಂತೆ ನಟಿಸಿ ಪಾರಾಗುವುದು. ಆಗುವುದು ಆಗಲೆಂದು ಕುಳಿತ ಯದ್ಭವಿಷ್ಯನು ಹತನಾಗುವನು. ಮೊದಲಿನದು ದೂರದೃಷ್ಟಿ, ಎರಡನೆಯದು ಸಮಯಸ್ಫೂರ್ತಿ, ಮೂರನೆಯದು ಜಾಡ್ಯ ಎಂದು ಬಾಲ್ಯದಲ್ಲಿ ನಮಗೆ ಪಾಠವಾಯಿತು. ಮೊದಲೆರಡು ಸಮಾನವಾಗಿ ಶ್ಲಾಘ್ಯವೆಂದೂ ಹೇಳಿಕೊಟ್ಟರು. ಈ ಆಟದ ಲೆಕ್ಕ ಹಾಕಿದ ಮೇಲೆ ನನಗೆ ಆ ಸಮಾನತೆಯಲ್ಲಿ ಸಂದೇಹ ಬಂದಿದೆ. 58 ಕಿಲೋಮೀಟರ್ ವೇಗದಲ್ಲಿ ಇಡೀ ಅಂಕಣ ಮುಗಿಯುವುದು 16 ಸೆಕೆಂಡಿನಲ್ಲಿ. ಒಂದು ಚೆಂಡಿನಿಂದ ಮತ್ತೊಂದಕ್ಕೆ ಎರಡೂವರೆ ಸೆಕೆಂಡು. ಸ್ಕೀ ಕಚ್ಚಿಕೊಂಡ ಕ್ಷಣಕ್ಕೂ ತಲೆ ನೀರನ್ನು ಮುಟ್ಟುವ ಕ್ಷಣಕ್ಕೂ ನಡುವೆ ಒಂದು ವಿಚಾರ ಹುಟ್ಟಿ ಬೆಳೆದು ಕೈಗೆ ಆಜ್ಞೆಯಾಗಿ ಇಳಿಯುವಷ್ಟು ಎಡೆಯಿಲ್ಲ. ಆಗ ಸ್ಫುರಿಸುವುದು ಮೊದಲೇ ಮೈಗೂಡಿದ್ದು ಮಾತ್ರ. ಆದ್ದರಿಂದ ಪ್ರತ್ಯುತ್ಪನ್ನಮತಿಯೆಂಬ ಎರಡನೆಯ ಮೀನು ಸ್ವತಂತ್ರವಾದುದಲ್ಲ. ಅದು ಮೊದಲನೆಯದರ ಶಿಷ್ಯ. ಸತ್ತಂತೆ ನಟಿಸುವುದನ್ನು ಅದು ಬಲೆಯೊಳಗೆ ಕಲಿತಿರಲಾರದು.

ಮೈಗೂಡಿಸಿಕೊಳ್ಳತಕ್ಕದ್ದು ಯಾವುದು? ಕಲಿಸುವವರು ಮೊತ್ತಮೊದಲು ಹೇಳುವ ಮಾತು ಒಂದೇ: ತೋಲ ತಪ್ಪಿದೆಯೆಂದು ತಿಳಿದೊಡನೆ ಹಿಡಿಕೆಯನ್ನು ಬಿಡು. ಹಿಡಿದೇ ಇದ್ದರೆ ದೋಣಿ ಆಟಗಾರನನ್ನು ತಲೆಯಡಿಯಾಗಿ ನೀರಿಗೆ ಎಳೆಯುವುದು. ಸಡಿಲಗೊಂಡ ಹಗ್ಗ ಮರಳಿ ಬಿಗಿಯುವಾಗ ಕವಣೆಯ ಕಲ್ಲಿನಂತೆ ಎಸೆಯುವುದು. ಹಿಡಿಕೆಯೊಳಗೆ ತೋಳು ತೂರಿಸಿದವನ, ಹಗ್ಗವನ್ನು ಕೈಗೆ ಸುತ್ತಿಕೊಂಡವನ ಗತಿಯನ್ನು ವರ್ಣಿಸದಿರುವುದೇ ಮೇಲು. ಮಾತು ಸುಲಭ, ಆದರೆ ಕೈ ಕೇಳುವುದಿಲ್ಲ. ಹೆದರಿದ ಕೈ ಬಿಗಿಯುವುದೇ ಹೊರತು ಬಿಚ್ಚುವುದಿಲ್ಲ. ಹುಟ್ಟಿದ ಮಗುವಿನ ಅಂಗೈಯಲ್ಲಿ ಬೆರಳಿಟ್ಟರೆ ಅದು ಮುಷ್ಟಿ ಬಿಗಿಯುವಂದಿನಿಂದಲೂ ಹಾಗೆಯೇ. ಪತಂಜಲಿಗಳು ಎಣಿಸಿದ ಐದು ಕ್ಲೇಶಗಳಲ್ಲಿ ಕಡೆಯದು ಅಭಿನಿವೇಶ, ಬಾಳಿಗೆ ಅಂಟಿಕೊಳ್ಳುವ ಹಟ. ವಿದ್ವಾಂಸರನ್ನೂ ಅದು ಬಿಟ್ಟಿಲ್ಲವೆಂದು ಅವರ ಅಭಿಪ್ರಾಯ. ಈ ಕ್ಲೇಶಕ್ಕೆ ಚಿತ್ತದಲ್ಲಿ ಮಾತ್ರವಲ್ಲದೆ ಬೆರಳುಗಳಲ್ಲಿಯೂ ನೆಲೆಯುಂಟೆಂದು ನಾನು ಸೇರಿಸಬಯಸುತ್ತೇನೆ. ಬಾಳನ್ನು ಉಳಿಸಿಕೊಳ್ಳುವೆನೆಂದು ಬಿಗಿಯುವ ಹಿಡಿಯೇ ಬಾಳಿಗೆ ಮುಳುವಾಗುವುದು.

ಶ್ರೀವೈಷ್ಣವ ಪರಂಪರೆಯಲ್ಲಿ ಶತಮಾನಗಳ ಕಾಲ ನಡೆದ ವಾದವೊಂದು ಇಲ್ಲಿ ನೆನಪಾಗದೆ ಇರದು. ಜೀವನು ಮರಿಕೋತಿಯಂತೆ ತಾಯನ್ನು ತಾನೇ ಅವುಚಿ ಹಿಡಿದಿರಬೇಕೆಂಬುದು ಒಂದು ಪಕ್ಷ. ಬೆಕ್ಕಿನ ಮರಿಯಂತೆ ಮೈಯನ್ನು ಸಡಿಲಬಿಟ್ಟು ತಾಯಿ ಕಚ್ಚಿಕೊಂಡು ಹೋದೆಡೆಗೆ ಹೋಗಬೇಕೆಂಬುದು ಮತ್ತೊಂದು. ಮರ್ಕಟನ್ಯಾಯವು ವಡಗಲೆಯವರದೆಂದೂ ಮಾರ್ಜಾಲನ್ಯಾಯವು ತೆಂಗಲೆಯವರದೆಂದೂ ಪ್ರಸಿದ್ಧಿ. ಮೊದಲನೆಯ ಪಕ್ಷದ ಆಚಾರ್ಯರಾದ ವೇದಾಂತದೇಶಿಕರು, ಶ್ರೀರಂಗಕ್ಕೆ ವಿಪತ್ತು ಬಂದೊದಗಿದಾಗ, ನಮ್ಮ ಕೊಳ್ಳೇಗಾಲದ ಸೀಮೆಯ ಸತ್ಯಾಗಾಲದಲ್ಲಿ ಕೆಲವು ಕಾಲ ನೆಲೆಸಿದ್ದರೆಂದು ಸಂಪ್ರದಾಯ ಹೇಳುತ್ತದೆ. ದೊಡ್ಡವರ ವಾದದಲ್ಲಿ ಬಾಯಿಹಾಕುವ ಅಧಿಕಾರ ನನಗಿಲ್ಲ. ಆದರೆ ನೀರಿನ ಮೇಲೆ ಸಾಗುವವನನ್ನು ನೋಡಿದರೆ ಈ ಎರಡು ನ್ಯಾಯಗಳು ಎರಡು ಮತಗಳಲ್ಲ, ಎರಡು ಮುಹೂರ್ತಗಳೆಂದು ತೋರುವುದು. ಅವನನ್ನು ಸಾಗಿಸುವ ಶಕ್ತಿ ಒಂದು ಕಣವೂ ಅವನದಲ್ಲ, ಎಲ್ಲವೂ ದೋಣಿಯದು; ಆದರೂ ಆ ಶಕ್ತಿ ಅವನಿಗೆ ದಕ್ಕುವುದು ಅವನು ಹಿಡಿದಿರುವಷ್ಟು ಹೊತ್ತು. ನೆಟ್ಟಗೆ ನಿಂತಿರುವವರೆಗೆ ಅವನು ಮರಿಕೋತಿ. ತೋಲ ತಪ್ಪಿದ ಮರುಕ್ಷಣವೇ ಅವನು ಬೆಕ್ಕಿನ ಮರಿಯಾಗಬೇಕು: ಹಿಡಿಕೆಯನ್ನು ಬಿಟ್ಟು, ಕೈಕಾಲು ಚಾಚಿ ಸೆಣಸದೆ, ಮೈಯನ್ನು ಮುದುಡಿ, ಎದೆಗೆ ಕಟ್ಟಿದ ಜಾಕೆಟು ತನ್ನನ್ನು ಎತ್ತುವುದೆಂದು ನಂಬಬೇಕು. ಬಿದ್ದ ಮೇಲೂ ಕೋತಿಯಾಗಿಯೇ ಉಳಿದವನು ಕೆಡುತ್ತಾನೆ. ನಿಂತಿರುವಾಗಲೇ ಬೆಕ್ಕಿನ ಮರಿಯಾದವನು ದಡವನ್ನೇ ಬಿಡುವುದಿಲ್ಲ.

ಹೀಗೆ ನೋಡಿದರೆ ಪ್ರಪತ್ತಿ, ಎಂದರೆ ಶರಣಾಗತಿ, ಎಂಬುದು ಪ್ರಯತ್ನದ ಅಭಾವವಲ್ಲ, ಪ್ರಯತ್ನಗಳಲ್ಲೆಲ್ಲ ಕಠಿನವಾದುದು. ಬಿಡುವುದನ್ನು ಕಲಿಯಬೇಕು, ನಿಧಾನವಾದ ವೇಗದಲ್ಲಿ, ಉದ್ದವಾದ ಹಗ್ಗದಲ್ಲಿ, ಬೇಕೆಂದೇ ಬಿಟ್ಟು ಬಿಟ್ಟು, ಬೇಕೆಂದೇ ಬಿದ್ದು ಬಿದ್ದು, ಕೈಗೆ ಅದು ಎರಡನೆಯ ಸ್ವಭಾವವಾಗುವವರೆಗೆ ಕಲಿಯಬೇಕು. ಗೀತೆಯ ಆರನೆಯ ಅಧ್ಯಾಯದಲ್ಲಿ ಅಭ್ಯಾಸ ವೈರಾಗ್ಯಗಳನ್ನು ಜೋಡಿಯಾಗಿ ಹೇಳಿರುವುದೇಕೆಂದು ನನಗೆ ಬಹುಕಾಲ ಹೊಳೆದಿರಲಿಲ್ಲ. ಅಭ್ಯಾಸವೆಂದರೆ ಹಿಡಿಯುವುದು, ವೈರಾಗ್ಯವೆಂದರೆ ಬಿಡುವುದು, ಒಂದಕ್ಕೊಂದು ವಿರುದ್ಧವಲ್ಲವೆ ಎಂದುಕೊಂಡಿದ್ದೆ. ವೈರಾಗ್ಯಕ್ಕೂ ಅಭ್ಯಾಸ ಬೇಕು.

ಇನ್ನು ಬಿದ್ದ ಮೇಲಿನ ಮಾತು. ಇಲ್ಲಿ ಮೀಮಾಂಸಕರ ಸಹಾಯ ನಮಗೆ ಬೇಕು. ಜ್ಞಾನವು ತಾನಾಗಿಯೇ ಪ್ರಮಾಣ. ಬೇರೊಂದು ಜ್ಞಾನ ಅದನ್ನು ಬಾಧಿಸುವವರೆಗೆ, ಅಥವಾ ಅದನ್ನು ಹುಟ್ಟಿಸಿದ ಕರಣದಲ್ಲಿ ದೋಷ ಕಾಣುವವರೆಗೆ, ಅದನ್ನು ನಂಬತಕ್ಕದ್ದೆಂಬುದು ಕುಮಾರಿಲಭಟ್ಟರ ಮಾರ್ಗ. ಪಿತ್ತದೋಷವಿರುವ ಕಣ್ಣಿಗೆ ಬಿಳಿಯ ಶಂಖ ಹಳದಿಯಾಗಿ ಕಂಡರೆ ಅದನ್ನು ನಂಬುವವರಾರು? ಆದರೆ ಕಾಮಾಲೆಯವನ ಬುದ್ಧಿಯಾದರೂ ಸರಿಯಾಗಿರುತ್ತದೆ. ತನ್ನ ಕಣ್ಣಿಗೆ ದೋಷವಿದೆಯೆಂದು ಅವನಿಗೆ ತಿಳಿಸಿ ಹೇಳಬಹುದು. ತಲೆ ಕುಲುಕಿದವನ ಅವಸ್ಥೆ ಅದಕ್ಕಿಂತ ಶೋಚನೀಯ. ‘ನನಗೇನೂ ಆಗಿಲ್ಲ, ಇನ್ನೊಂದು ಸುತ್ತು ಹೋಗುತ್ತೇನೆ’ ಎಂದು ಅವನು ಹೇಳುವುದು ಯಾವ ಕರಣದಿಂದಲೋ, ಪೆಟ್ಟು ಬಿದ್ದಿರುವುದು ಆ ಕರಣಕ್ಕೆ. ಪ್ರಜ್ಞೆ ತಪ್ಪದೆಯೂ ಮಿದುಳಿಗೆ ಆಘಾತವಾಗಿರಬಹುದು, ಬಹುಮಟ್ಟಿಗೆ ಹಾಗೆಯೇ ಆಗುವುದು. ತಲೆನೋವು, ತಲೆಸುತ್ತು, ಮಂಜುಗಣ್ಣು, ಕೇಳಿದ್ದಕ್ಕೆ ತಡವಾಗಿ ಉತ್ತರ, ಈಗ ತಾನೆ ನಡೆದುದರ ಮರೆವು, ಕಾರಣವಿಲ್ಲದ ಸಿಡುಕು, ಇವು ಕೂಡಲೇ ತೋರದೆ ಕೆಲವು ಗಂಟೆಗಳ ಮೇಲೆ ತೋರಿದರೂ ತೋರಬಹುದು. ಇಲ್ಲಿ ಪ್ರತ್ಯಕ್ಷವನ್ನು ಬದಿಗಿಟ್ಟು ಆಪ್ತವಾಕ್ಯವನ್ನು ನಂಬದೆ ಗತ್ಯಂತರವಿಲ್ಲ. ಆಪ್ತನೆಂದರೆ ದೋಣಿಯಲ್ಲಿ ಹಿಂದುಮುಖನಾಗಿ ಕುಳಿತು ಆಟಗಾರನನ್ನೇ ನೋಡುತ್ತಿರುವ ಇನ್ನೊಬ್ಬ. ನಡೆಸುವವನ ಕಣ್ಣು ಮುಂದಿರಬೇಕಾದುದರಿಂದ ಅವನಿಂದ ಆ ಕೆಲಸವಾಗದು. ‘ಸಾಕು, ದೋಣಿ ಹತ್ತು’ ಎಂದು ಹೇಳುವ ಅಧಿಕಾರ ಆ ನೋಡುವವನದು, ಬಿದ್ದವನದಲ್ಲ. ಈ ಒಪ್ಪಂದ ದಡದಲ್ಲಿಯೇ, ತಲೆ ಸರಿಯಾಗಿರುವಾಗಲೇ, ಆಗಿರಬೇಕು.

ವೈದ್ಯರ ಮತವೂ ಇದಕ್ಕೆ ಅನುಕೂಲವಾಗಿಯೇ ಇದೆ. ಆಟಗಳಲ್ಲಿ ತಲೆಗೆ ಆಗುವ ಆಘಾತವನ್ನು ಕುರಿತು 2001ರಲ್ಲಿ ವಿಯೆನ್ನಾದಲ್ಲಿ ಸೇರಿದ ತಜ್ಞರ ಕೂಟ ಮತ್ತೆ ಮತ್ತೆ ಸೇರಿ, 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂಡಿದಾಗಲೂ ಎತ್ತಿಹಿಡಿದ ನಿಯಮವೆಂದರೆ, ಆಘಾತವಾಗಿದೆಯೆಂದು ಶಂಕೆ ಬಂದವನನ್ನು ಆ ದಿನ ಮತ್ತೆ ಆಟಕ್ಕೆ ಬಿಡಬಾರದೆಂಬುದು. ಮೊದಲ ಒಂದೆರಡು ದಿನ ಹಗುರವಾದ ವಿಶ್ರಾಂತಿ, ಅನಂತರ ಮೆಟ್ಟಿಲು ಮೆಟ್ಟಿಲಾಗಿ ಮರಳುವುದು. ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತ ಹೋದರೆ, ತೂಕಡಿಕೆ ಕವಿದರೆ, ಕೈಕಾಲು ಸೋತರೆ, ಅದು ಆಸ್ಪತ್ರೆಗೆ ಓಡತಕ್ಕ ಹೊತ್ತು. ಕತ್ತು ನೋಯುತ್ತದೆಂದವನನ್ನು ದೋಣಿಯೊಳಕ್ಕೆ ಸೆಳೆದು ಹಾಕುವ ಆತುರ ಕೂಡದು. ತಲೆಯೂ ಮೈಯೂ ಒಂದೇ ಗೆರೆಯಲ್ಲಿರುವಂತೆ ನೀರಿನಲ್ಲಿಯೇ ಆತು ಹಿಡಿದು ಸಹಾಯಕ್ಕೆ ಕಾಯಬೇಕು.

ನಮ್ಮವರ ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿ, ಆಸ್ಟ್ರೇಲಿಯದಲ್ಲಿ ಸರೋವರಗಳಿರುವ ಊರುಗಳಲ್ಲಿ ನೆಲೆಸಿರುವ ಕಾಲವಿದು. ಬೇಸಗೆಯ ಒಂದು ಮುಂಜಾವು ಅವರಲ್ಲೊಬ್ಬರು ಫೋನಿನಲ್ಲಿ, ‘ಅಜ್ಜಿ, ನೀರಿನ ಮೇಲೆ ಸ್ಕೀ ಕಲಿಯುವುದಕ್ಕೆ ಹೊರಟಿದ್ದೇನೆ, ಬಿದ್ದರೂ ಬೀಳಬಹುದು’ ಎಂದರೆ, ಓದುಗರಲ್ಲಿ ಅಜ್ಜಿಯರಾದವರಿಗೆ ನನ್ನ ಬಿನ್ನಹ ಇಷ್ಟೆ: ‘ಬಿಡ್ತು ಅನ್ನು’ ಎನ್ನುವ ಮುಂಚೆ ಎರಡು ಮಾತು ಕೇಳಿ. ಬೀಳುವಾಗ ಹಗ್ಗ ಬಿಡುವುದನ್ನು ಕಲಿತಿದ್ದೀಯಾ ಮಗು? ದೋಣಿಯಲ್ಲಿ ನಿನ್ನ ಕಡೆಗೆ ಮುಖಮಾಡಿ ಕೂರುವವರು ಯಾರು?